ಆರು ಕೇಳುಗರಿಂದ ಮೆಟ್ರೊಪಾಲಿಟನ್ ಒಪೆರಾವರೆಗೆ: ಫಿಲಿಪ್ ಗ್ಲಾಸ್ ಅವರ ಮೊದಲ ವರ್ಷಗಳ ಕಛೇರಿಗಳು

ನಿಧಾನಗಾಮಿ:

1968ರ ಏಪ್ರಿಲ್ 13ರಂದು ನ್ಯೂಯಾರ್ಕ್‌ನ ಕ್ವೀನ್ಸ್ ಕಾಲೇಜಿನಲ್ಲಿ ಅಮೆರಿಕದ ಸಂಗೀತ ರಚನಕಾರ ಫಿಲಿಪ್ ಗ್ಲಾಸ್ ತಮ್ಮ ರಚನೆಗಳ ಕಛೇರಿ ನಡೆಸಿದಾಗ ಸಭೆಯಲ್ಲಿದ್ದವರು ಆರೇ ಜನ. ಅವರಲ್ಲಿ ಒಬ್ಬರು ಬಾಲ್ಟಿಮೋರ್‌ನಿಂದ ರೈಲಿನಲ್ಲಿ ಬಂದಿದ್ದ ಅವರ ತಾಯಿ ಐಡಾ. ಎಂಟು ವರ್ಷ ಕಳೆದ ಮೇಲೆ, 1976ರ ನವೆಂಬರ್‌ನಲ್ಲಿ, ಅದೇ ತಾಯಿ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ಕುಳಿತು ಮಗನ ‘ಐನ್‌ಸ್ಟೈನ್ ಆನ್ ದ ಬೀಚ್’ ಎಂಬ ಒಪೆರಾ (ಸಂಗೀತನಾಟಕ) ನೋಡಿದರು. ಆಗ ಆ ದೊಡ್ಡ ಸಭಾಂಗಣದಲ್ಲಿ ಖಾಲಿ ಕುರ್ಚಿ ಇರಲಿಲ್ಲ.

ನಡುವಿನ ಈ ಎಂಟು ವರ್ಷಗಳನ್ನು ‘ಮೊದಲು ಯಾರೂ ಕೇಳಲಿಲ್ಲ, ಆಮೇಲೆ ಎಲ್ಲರೂ ಕೇಳಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಅಭ್ಯಾಸವಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕೇಳುಗರು ತಾವಾಗಿ ಬರಲಿಲ್ಲ. ಗ್ಲಾಸ್ ಕೇಳುಗರನ್ನು ಸಂಗೀತದ ಹೊರಗಿನಿಂದ ಕರೆತಂದರು. ಮೊದಲು ಬಂದವರು ಚಿತ್ರಕಾರರು, ಶಿಲ್ಪಿಗಳು, ನಾಟಕದವರು, ನರ್ತಕರು. ಸಂಗೀತದವರು ಬಂದದ್ದು ಎಲ್ಲರಿಗಿಂತ ಕೊನೆಗೆ.

ಕ್ವೀನ್ಸ್ ಕಾಲೇಜಿನ ಕಛೇರಿಯಾದ ಮರುತಿಂಗಳೇ, ಮೇ 19ರಂದು, ವೂಸ್ಟರ್ ಬೀದಿಯ ಫಿಲ್ಮ್‌ಮೇಕರ್ಸ್ ಸಿನೆಮಾಥೆಕ್‌ನಲ್ಲಿ ಇನ್ನೊಂದು ಕಛೇರಿ ನಡೆಯಿತು. ಜೋನಾಸ್ ಮೇಕಸ್ ಪ್ರಯೋಗಶೀಲ ಚಲನಚಿತ್ರಗಳನ್ನು ತೋರಿಸುತ್ತಿದ್ದ ಜಾಗ ಅದು. ‘ಸ್ಟ್ರಂಗ್ ಔಟ್’ ಎಂಬ ಪಿಟೀಲು ಕೃತಿಯ ಸ್ವರಲಿಪಿಯನ್ನು ಉದ್ದಕ್ಕೂ ಗೋಡೆಗೆ ಹಚ್ಚಿದ್ದರು. ಪಿಟೀಲು ನುಡಿಸಿದ ಡೊರೊತಿ ಪಿಕ್ಸ್‌ಲಿ-ರಾಥ್‌ಚೈಲ್ಡ್ ಓದುತ್ತ, ನುಡಿಸುತ್ತ, ಗೋಡೆಯ ಗುಂಟ ಸರಿಯುತ್ತ ಹೋದರು. ‘ಮ್ಯೂಸಿಕ್ ಇನ್ ದ ಶೇಪ್ ಆಫ್ ಎ ಸ್ಕ್ವೇರ್’ ಎಂಬ ಕೃತಿಯಲ್ಲಿ ಹಾಳೆಗಳನ್ನು ಚೌಕಾಕಾರವಾಗಿ ಜೋಡಿಸಿದ್ದರು. ಕೊಳಲು ಹಿಡಿದ ಗ್ಲಾಸ್ ಮತ್ತು ಜಾನ್ ಗಿಬ್ಸನ್, ಒಬ್ಬರು ಚೌಕದ ಒಳಬದಿಯಲ್ಲಿ, ಇನ್ನೊಬ್ಬರು ಹೊರಬದಿಯಲ್ಲಿ, ವಿರುದ್ಧ ದಿಕ್ಕಿನಲ್ಲಿ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ಮುಗಿಸಿದರು. ಕೃತಿಯ ರಚನೆ ಕಿವಿಗೆ ಸಿಗದಿದ್ದರೂ ಕಣ್ಣಿಗೆ ಸಿಗುತ್ತಿತ್ತು. ಚಿತ್ರಕಾರರಿಗೆ ಇದಕ್ಕಿಂತ ಸ್ಪಷ್ಟವಾದ ಆಹ್ವಾನ ಬೇಕಿರಲಿಲ್ಲ.

ಈ ಕಾಲದ ಕಛೇರಿಗಳ ಬಗ್ಗೆ ಓದಿದವರು, ಧ್ವನಿಮುದ್ರಣ ಕೇಳಿದವರು ಇಲ್ಲಿ ಬರೆಯಿರಿ. ನನ್ನದೊಂದು ಪ್ರಶ್ನೆಯೂ ಇದೆ. ‘ಟೂ ಪೇಜಸ್’ನಂಥ , ಕೆಲವೇ ಸ್ವರಗಳು ಮತ್ತೆ ಮತ್ತೆ ಬರುವ ಕೃತಿಯನ್ನು ಮನೆಯಲ್ಲಿ ಹಾಕಿಕೊಂಡು ಕುಳಿತರೆ ಹತ್ತು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗುತ್ತದೆ. ಅಂದಿನ ಕೇಳುಗರು ಗಂಟೆಗಟ್ಟಲೆ ಕುಳಿತದ್ದು ಹೇಗೆ?

ಮುಳ್ಳುತಟ್ಟೆ:

ಎಷ್ಟು ಜೋರಾಗಿ ಹಾಕಿದ್ದಿರಿ ಎನ್ನುವುದರ ಮೇಲೆ ಉತ್ತರ ನಿಂತಿದೆ, ನಿಧಾನಗಾಮಿಯವರೇ. ತಮಾಷೆ ಮಾಡುತ್ತಿಲ್ಲ. ಗ್ಲಾಸ್ ಮೇಳದಲ್ಲಿ ಇದ್ದದ್ದು ಫಾರ್ಫಿಸಾ ಎಂಬ ಅಗ್ಗದ ವಿದ್ಯುತ್ ಆರ್ಗನ್‌ಗಳು, ಸ್ಯಾಕ್ಸೊಫೋನ್‌ಗಳು, ಕೊಳಲುಗಳು. ಎಲ್ಲಕ್ಕೂ ಮೈಕ್, ಎಲ್ಲವೂ ಧ್ವನಿವರ್ಧಕದ ಮೂಲಕ. ಧ್ವನಿ ನೋಡಿಕೊಳ್ಳುತ್ತಿದ್ದ ಕರ್ಟ್ ಮುನ್‌ಕಾಚಿಯವರನ್ನು ಮೇಳದ ಸದಸ್ಯರನ್ನಾಗಿಯೇ ಎಣಿಸುತ್ತಿದ್ದರು, ಬಾಡಿಗೆಗೆ ಬಂದ ಮೈಕ್‌ನವರಂತೆ ಅಲ್ಲ. ಆ ಕಾಲದ ಶಾಸ್ತ್ರೀಯ ಸಂಗೀತದ ಜಗತ್ತಿನಲ್ಲಿ ಇದು ಅಪಚಾರ. ರಾಕ್ ಸಂಗೀತದವರು ಮಾಡುವ ಕೆಲಸ ಅದು.

ಕಲಾ ಗ್ಯಾಲರಿಗಳಲ್ಲಿ, ಆಮೇಲೆ ಬ್ಲೀಕರ್ ಬೀದಿಯ ಮಹಡಿಯಲ್ಲಿ ಭಾನುವಾರಗಳಂದು ನಡೆಯುತ್ತಿದ್ದ ಕಛೇರಿಗಳಲ್ಲಿ, ವಾದಕರು ನಡುವೆ ವೃತ್ತವಾಗಿ ಒಬ್ಬರಿಗೊಬ್ಬರು ಮುಖ ಮಾಡಿ ಕೂರುತ್ತಿದ್ದರು. ಕೇಳುಗರು ಸುತ್ತಲೂ ನೆಲದ ಮೇಲೆ. ಕೆಲವರು ಮಲಗಿಯೇ ಕೇಳುತ್ತಿದ್ದರು. ಒಂದು ಸ್ವರಗುಚ್ಛವನ್ನು ಎಷ್ಟು ಸಲ ನುಡಿಸಬೇಕೆಂದು ಮೊದಲೇ ಗಟ್ಟಿಮಾಡಿಕೊಳ್ಳದ ಕೃತಿಗಳಲ್ಲಿ, ಮುಂದಿನದಕ್ಕೆ ಹೋಗಬೇಕೆಂದು ಗ್ಲಾಸ್‌ಗೆ ಅನಿಸಿದಾಗ ತಲೆಯಾಡಿಸುತ್ತಿದ್ದರು. ಎರಡೂ ಕೈ ಆರ್ಗನ್ ಮೇಲೆ, ಆದ್ದರಿಂದ ವಾದ್ಯವೃಂದ ನಡೆಸುವವರ ಕೋಲಿನ ಕೆಲಸ ತಲೆಯದು. ಆ ಒಂದು ತಲೆಯಾಟಕ್ಕೆ ಇಡೀ ಮೇಳ ಒಟ್ಟಿಗೆ ಹೊರಳುತ್ತದೆ. ಇದನ್ನು ಎದುರು ಕುಳಿತು ನೋಡುವುದು ಬೇರೆ, ಮೊಬೈಲ್‌ನಲ್ಲಿ ಕೇಳುವುದು ಬೇರೆ.

ಇನ್ನೊಂದು ಸಂಗತಿ. 1970ರ ವಸಂತದಲ್ಲಿ ಮಿನಿಯಾಪೊಲಿಸ್‌ನಲ್ಲಿ ‘ಮ್ಯೂಸಿಕ್ ಇನ್ ಸಿಮಿಲರ್ ಮೋಷನ್’ ಅಭ್ಯಾಸ ನಡೆಯುತ್ತಿದ್ದಾಗ ಯಾರೋ ಹಾಡುತ್ತಿರುವಂತೆ ಗ್ಲಾಸ್‌ಗೆ ಕೇಳಿಸಿತು. ನಿಲ್ಲಿಸಿ ನೋಡಿದರೆ ಹಾಡುತ್ತಿದ್ದವರು ಯಾರೂ ಇಲ್ಲ. ವಾದ್ಯಗಳ ಉಪಸ್ವರಗಳು, ಅಂದರೆ ನುಡಿಸಿದ ಸ್ವರದ ಜೊತೆ ತಾವಾಗಿ ಹೊಮ್ಮುವ ಸೂಕ್ಷ್ಮ ಸ್ವರಗಳು, ಆ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದು ಹುಟ್ಟಿದ ದನಿ ಅದು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾವ ತಂತಿಗೂ ಕೊಡದ ಗಾಂಧಾರ ಕೇಳಿಸುವುದಿಲ್ಲವೇ, ಹಾಗೆ. ಮುಂದಿನ ಕೃತಿ ‘ಮ್ಯೂಸಿಕ್ ವಿತ್ ಚೇಂಜಿಂಗ್ ಪಾರ್ಟ್ಸ್’ನಲ್ಲಿ ಅದನ್ನೇ ಬೇಕೆಂದು ಬಳಸಿಕೊಂಡರು. ವಾದಕರು ಆ ಗದ್ದಲದೊಳಗಿಂದ ತಮಗೆ ಕೇಳಿಸಿದ ಸ್ವರವನ್ನು ಹಿಡಿದು ಒಂದು ಉಸಿರಿನಷ್ಟು ಉದ್ದ ಎಳೆಯುತ್ತಾರೆ. ಕಾಗದದ ಮೇಲೆ ಇಲ್ಲದ ಸಂಗೀತ ಅದು, ಕಛೇರಿಯ ಕೋಣೆ ಬರೆದದ್ದು.

ಬಿಡಿಹಾಳೆ:

ಚಿತ್ರಕಾರರನ್ನು ‘ಕರೆತಂದರು’ ಎಂಬ ಮಾತು ಸ್ವಲ್ಪ ಹೆಚ್ಚಾಯಿತು. ಕಛೇರಿ ಸಭಾಂಗಣಗಳು ಬಾಗಿಲು ಹಾಕಿದ್ದರಿಂದ ಗ್ಯಾಲರಿಗೆ ಹೋದರು, ಅಷ್ಟೇ. ಜೂಲಿಯಾರ್ಡ್‌ನಲ್ಲಿ ಓದಿ, ಪ್ಯಾರಿಸ್‌ನಲ್ಲಿ ಸಂಗೀತ ಶಿಕ್ಷಕಿ ನಾದಿಯಾ ಬುಲಾಂಜೆ ಅವರ ಹತ್ತಿರ ಎರಡು ವರ್ಷ ಸಂಯೋಗ ಸ್ವರಗಳ (ಒಟ್ಟಿಗೆ ನುಡಿಯುವ ಸ್ವರಗಳ) ವ್ಯಾಕರಣ ಅರೆದು ಬಂದ ಮನುಷ್ಯ ಗ್ಯಾಲರಿಯೇ ಬೇಕೆಂದು ಹಂಬಲಿಸಿದ್ದರೇ? ಇದ್ದದ್ದನ್ನೇ ಆಯ್ಕೆಯೆಂದು ಆಮೇಲೆ ಹೇಳಿಕೊಳ್ಳುವುದು ಸುಲಭ. ಚಿತ್ರಕಾರರ ತಾಳ್ಮೆಯನ್ನೂ ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ಅವರಿಗೆ ಸಂಗೀತದಿಂದ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಸಭಾಂಗಣದಲ್ಲಿ ಈ ಬಗೆಯ ಸಂಗೀತಕ್ಕೆ ಏನಾಗುತ್ತಿತ್ತು ಎನ್ನಲು ಇದೇ ಬಗೆಯ ಇನ್ನೊಬ್ಬ ರಚನಕಾರ ಸ್ಟೀವ್ ರೈಖ್ ಅವರ ‘ಫೋರ್ ಆರ್ಗನ್ಸ್’ ಸಾಕ್ಷಿ. 1973ರ ಜನವರಿಯಲ್ಲಿ ವಾದ್ಯವೃಂದ ನಿರ್ದೇಶಕ ಮೈಕೆಲ್ ಟಿಲ್ಸನ್ ಥಾಮಸ್ ಅದನ್ನು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಕಾರ್ಯಕ್ರಮದಲ್ಲಿ ಸೇರಿಸಿದರು. ಅಕ್ಕಪಕ್ಕದಲ್ಲಿ ಮೊಜಾರ್ಟ್, ಬಾರ್ಟೋಕ್, ಲಿಸ್ಟ್. ನಾಲ್ಕು ವಿದ್ಯುತ್ ಆರ್ಗನ್, ಎಡೆಬಿಡದೆ ಅಲುಗುವ ಮರಾಕಾ ಗಿಲಕಿ, ಒಂದೇ ಸ್ವರಮೇಳ ಉದ್ದವಾಗುತ್ತಾ ಹೋಗುವುದು. ಜನ ಕೂಗಿದರು. ಬೇಗ ಮುಗಿಯಲೆಂದು ನಡುವೆಯೇ ಚಪ್ಪಾಳೆ ತಟ್ಟಿದರು. ಉಗುರಿನ ಸಂದಿಗೆ ಕಾದ ಸೂಜಿ ಚುಚ್ಚಿದಂತೆ ಸಭೆ ವರ್ತಿಸಿತು ಎಂಬ ಅರ್ಥದಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಹೆರಾಲ್ಡ್ ಶೋನ್‌ಬರ್ಗ್ ಬರೆದರು. ಇಂಥ ಸ್ವಾಗತ ಕಾದಿರುವಾಗ ಯಾರಾದರೂ ಗ್ಯಾಲರಿಯನ್ನೇ ಹುಡುಕಿಕೊಂಡು ಹೋಗುತ್ತಾರೆ.

ನಿಧಾನಗಾಮಿ:

ನೀವು ಕೊಟ್ಟ ಉದಾಹರಣೆ ನನ್ನ ವಾದಕ್ಕೇ ಸಲ್ಲುತ್ತದೆ, ಬಿಡಿಹಾಳೆಯವರೇ. ಇದೇ ‘ಫೋರ್ ಆರ್ಗನ್ಸ್’ ಅದಕ್ಕೂ ಮೊದಲು, 1970ರ ಮೇ ತಿಂಗಳಲ್ಲಿ, ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಮೊದಲ ಬಾರಿಗೆ ನುಡಿಸಲ್ಪಟ್ಟಾಗ ಯಾರೂ ಕೂಗಲಿಲ್ಲ. ಕೃತಿ ಅದೇ, ನಗರ ಅದೇ. ಬದಲಾದದ್ದು ಜನ ಮತ್ತು ಅವರು ಏನನ್ನು ನಿರೀಕ್ಷಿಸಿ ಬಂದಿದ್ದರು ಎಂಬುದು. ಮೊಜಾರ್ಟ್ ಕೇಳಲು ಋತುವಿಡೀ ಟಿಕೆಟ್ ಕೊಂಡವರ ಎದುರು ಆರ್ಗನ್ ಇಟ್ಟರೆ ಅವರು ಸಿಟ್ಟಾಗುವುದು ನ್ಯಾಯವೇ.

ಚಿತ್ರಕಾರರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ ಎಂದಿರಿ. ಅವರು ಬರೀ ಕೇಳುಗರಾಗಿರಲಿಲ್ಲ. ಗ್ಲಾಸ್ ಶಿಲ್ಪಿ ರಿಚರ್ಡ್ ಸೆರಾ ಅವರ ಸಹಾಯಕರಾಗಿ ಸೀಸದ ಹಾಳೆಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. ಚಿತ್ರಕಾರ ಚಕ್ ಕ್ಲೋಸ್ 1969ರಲ್ಲಿ ಬರೆದ ‘ಫಿಲ್’ ಎಂಬ ದೈತ್ಯ ಭಾವಚಿತ್ರ ಅವರದೇ ಮುಖ. ಅದೇ ವರ್ಷ ವಿಟ್ನಿ ಮ್ಯೂಸಿಯಂನಲ್ಲಿ ಸೆರಾ ಮುಂತಾದವರ ಕಲಾಕೃತಿಗಳ ಪ್ರದರ್ಶನ ನಡೆದಾಗ, ಅದರ ಅಂಗವಾಗಿಯೇ ರೈಖ್ ಮತ್ತು ಗ್ಲಾಸ್ ಇಬ್ಬರ ಕಛೇರಿಗಳೂ ನಡೆದವು. ರೈಖ್ ಅವರ ‘ಪೆಂಡುಲಮ್ ಮ್ಯೂಸಿಕ್’ನಲ್ಲಿ ಮೈಕುಗಳನ್ನು ತಂತಿಯಿಂದ ತೂಗುಬಿಟ್ಟು ಕೈಬಿಟ್ಟವರಲ್ಲಿ ಸೆರಾ ಕೂಡ ಒಬ್ಬರು. ವಸ್ತು ತನ್ನಷ್ಟಕ್ಕೆ ಏನು ಮಾಡುತ್ತದೆ ಎಂದು ನೋಡುತ್ತಾ ನಿಲ್ಲುವುದು ಅವರ ದಿನನಿತ್ಯದ ಕೆಲಸ. ಸಂಗೀತವನ್ನೂ ಹಾಗೆಯೇ ಕೇಳಿದರು.

ಇನ್ನು ಬಾಗಿಲು ಹಾಕಿದ್ದರ ಮಾತು. ಗ್ಲಾಸ್ ಆ ಬಾಗಿಲನ್ನು ಹೆಚ್ಚು ತಟ್ಟಲೂ ಇಲ್ಲ. ತಮ್ಮ ಸ್ವರಲಿಪಿಗಳನ್ನು ಅವರು ವರ್ಷಗಟ್ಟಲೆ ಪ್ರಕಟಿಸಲಿಲ್ಲ, ಬೇರೆ ಮೇಳಗಳಿಗೆ ಕೊಡಲಿಲ್ಲ. ಗ್ಲಾಸ್ ಸಂಗೀತ ಬೇಕೆಂದವರು ಗ್ಲಾಸ್ ಮೇಳವನ್ನೇ ಕರೆಸಬೇಕು. ವಾದಕರಿಗೆ ಕೆಲಸ ಸಿಗಲು, ಮೇಳ ಚದುರದೆ ಉಳಿಯಲು ಅವರು ಕಂಡುಕೊಂಡ ದಾರಿ ಅದು. ತಾವು ಮಾತ್ರ ಕೊಳಾಯಿ ಕೆಲಸ, ಸಾಮಾನು ಸಾಗಿಸುವ ಕೆಲಸ, ಟ್ಯಾಕ್ಸಿ ಓಡಿಸುವ ಕೆಲಸ ಮಾಡಿಕೊಂಡಿದ್ದರು. ವಿಶ್ವವಿದ್ಯಾಲಯದ ಪಾಠದ ಕೆಲಸಕ್ಕೆ ಸೇರಲಿಲ್ಲ.

ಖಂಡನಡೆ:

ಮೃದಂಗ ನುಡಿಸುವವನ ಕಡೆಯಿಂದ ಎರಡು ಮಾತು. ‘ಟೂ ಪೇಜಸ್’ (1968) ಬಗ್ಗೆ ಮನಸ್ಸು ಎಲ್ಲೋ ಹೋಗುತ್ತದೆ ಎಂದಿದ್ದೀರಿ. ಅದನ್ನು ಒಮ್ಮೆ ನಮ್ಮ ಸ್ವರಗಳಲ್ಲಿ ಹಾಡಿಕೊಂಡು ನೋಡಿ. ಐದೇ ಸ್ವರ: ಮಂದ್ರ ಪಂಚಮ, ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಪ ಸ ರಿ ಗ ಮ. ಎಲ್ಲವೂ ಒಂದೇ ಕಾಲಪ್ರಮಾಣ, ಒಂದೇ ವೇಗ, ಸಂಯೋಗ ಸ್ವರಗಳಿಲ್ಲ. ಇದನ್ನು ಹಲವು ಸಲ ನುಡಿಸಿದ ಮೇಲೆ

ಪಸರಿಗಮ ಪಸರಿಗ

ಆಗುತ್ತದೆ. ಅದೂ ಹಲವು ಸಲ. ಆಮೇಲೆ

ಪಸರಿಗಮ ಪಸರಿಗ ಪಸರಿ

ಅದಾದ ಮೇಲೆ

ಪಸರಿಗಮ ಪಸರಿಗ ಪಸರಿ ಪಸ

ಐದು, ನಾಲ್ಕು, ಮೂರು, ಎರಡು. ಹಸುವಿನ ಬಾಲದಂತೆ ಸಣ್ಣದಾಗುವ ಇದಕ್ಕೆ ನಮ್ಮಲ್ಲಿ ಗೋಪುಚ್ಛ ಯತಿ ಎನ್ನುತ್ತಾರೆ. ಪಾಠಕ್ಕೆ ಬರುವ ಹುಡುಗರೂ ಗುರುತಿಸುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿ? ನಮ್ಮ ಗೋಪುಚ್ಛಕ್ಕೆ ಹೋಗಿ ಇಳಿಯುವ ಜಾಗವೊಂದಿದೆ. ಕೈಯಲ್ಲಿ ತಾಳ ಓಡುತ್ತಿರುತ್ತದೆ, ಯತಿ ಎಷ್ಟು ದೂರ ಅಲೆದರೂ ತಾಳ ಶುರುವಾಗುವ ಸಮಕ್ಕೋ, ಹಾಡು ಶುರುವಾಗುವ ಎಡುಪಿಗೋ ಬಂದು ಬೀಳಲೇಬೇಕು. ಆ ಲೆಕ್ಕ ಕೂಡಿದಾಗಲೇ ಸಭೆ ತಲೆದೂಗುವುದು. ಗ್ಲಾಸ್ ಕೃತಿಯಲ್ಲಿ ತಾಳವಿಲ್ಲ, ಸಮವಿಲ್ಲ. ಯತಿ ಇದೆ, ಆದರೆ ಎಲ್ಲಿಗೂ ಇಳಿಯುವುದಿಲ್ಲ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ಇಳಿಯುವ ಜಾಗಕ್ಕಾಗಿ ಕಾದು ಕಾದು ಬೇಸರಗೊಳ್ಳುತ್ತದೆ. ಕಾಯುವುದನ್ನು ಬಿಟ್ಟರೆ ಒಂದೊಂದು ಸ್ವರ ಕೂಡಿದ್ದು, ಕಳೆದದ್ದು ದೊಡ್ಡ ಘಟನೆಯಂತೆ ಕೇಳಿಸತೊಡಗುತ್ತದೆ.

ಈ ಕೂಡಿಸುವ ಲೆಕ್ಕ ಅವರಿಗೆ ಎಲ್ಲಿಂದ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಪ್ಯಾರಿಸ್‌ನಲ್ಲಿ ‘ಚಪಾಕ್ವಾ’ ಎಂಬ ಚಲನಚಿತ್ರದ ಸಂಗೀತಕ್ಕಾಗಿ ರವಿಶಂಕರ್ ನುಡಿಸಿದ್ದನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸಿ ಅಲ್ಲಿನ ವಾದಕರಿಗೆ ಕೊಡುವ ಕೆಲಸ ಗ್ಲಾಸ್ ಪಾಲಿಗೆ ಬಂದಿತ್ತು. ಬರೆದು ಕೊಟ್ಟರು, ವಾದಕರು ನುಡಿಸಿದರು, ತಬಲಾ ವಾದಕ ಅಲ್ಲಾ ರಖಾ ಒಪ್ಪಲಿಲ್ಲ. ಒತ್ತು ಬೀಳಬಾರದ ಕಡೆ ಬೀಳುತ್ತಿತ್ತು. ಸ್ವರಲಿಪಿಯಲ್ಲಿ ಲಯದ ಅಳತೆ ತೋರಿಸುವ ಗೆರೆಯನ್ನು ಎಲ್ಲಿ ಎಳೆದರೂ ಅದೇ ತಕರಾರು. ಕೊನೆಗೆ ಗೆರೆಗಳನ್ನೆಲ್ಲ ಅಳಿಸಿಹಾಕಿದಾಗ ಎರಡು, ಮೂರು ಸ್ವರಗಳ ಗುಂಪುಗಳು ಸಾಲಾಗಿ ಕಾಣಿಸಿದವು.

ನನ್ನ ಅಭಿಪ್ರಾಯ ಕೇಳಿದರೆ ಅವರು ಹಿಡಿದದ್ದು ಅರ್ಧವನ್ನು. ಚಿಕ್ಕ ಗುಂಪುಗಳನ್ನು ಕೂಡಿಸುವುದು ನಮ್ಮ ಲಯದ ಒಂದು ಮುಖ. ಅದನ್ನೆಲ್ಲ ಒಳಗಿಟ್ಟುಕೊಂಡು ತಿರುಗುವ ತಾಳದ ಆವರ್ತ ಇನ್ನೊಂದು ಮುಖ. ಮೊದಲನೆಯದನ್ನು ತೆಗೆದುಕೊಂಡು ಆವರ್ತವನ್ನು ಅಲ್ಲಿಯೇ ಬಿಟ್ಟರು. ಆದರೆ ಆ ಅರ್ಧದಿಂದಲೇ ತಮ್ಮದೊಂದು ಭಾಷೆ ಕಟ್ಟಿಕೊಂಡರು. ಪೂರ್ತಿ ಹಿಡಿದಿದ್ದರೆ ಬಹುಶಃ ನಮ್ಮದರ ನಕಲಾಗುತ್ತಿತ್ತು.

ಬಿಡಿಹಾಳೆ:

ಖಂಡನಡೆಯವರ ವಿವರಣೆಗೆ ಧನ್ಯವಾದ. ಸ್ವರ ಹಾಕಿ ತೋರಿಸಿದ್ದರಿಂದ ತಿಳಿಯಿತು.

ಆದರೆ ಸ್ವರಲಿಪಿ ಬಚ್ಚಿಟ್ಟುಕೊಂಡದ್ದನ್ನು ಮೆಚ್ಚಲು ನನಗೆ ಸಾಧ್ಯವಿಲ್ಲ. ಪಿಟೀಲು ನುಡಿಸುವವನಾಗಿ ಹೇಳುತ್ತಿದ್ದೇನೆ. ಇದೇ ಬಗೆಯ ಮತ್ತೊಬ್ಬ ರಚನಕಾರ ಟೆರ್ರಿ ರೈಲಿಯವರ ‘ಇನ್ ಸಿ’ ನೋಡಿ. 1964ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟೇಪ್ ಮ್ಯೂಸಿಕ್ ಸೆಂಟರ್‌ನಲ್ಲಿ ಮೊದಲ ಬಾರಿಗೆ ನುಡಿಸಿದ್ದು. ಐವತ್ಮೂರು ಚಿಕ್ಕ ತುಣುಕುಗಳು, ಒಂದೇ ಹಾಳೆ. ಯಾವ ವಾದ್ಯವಾದರೂ ಸರಿ, ಎಷ್ಟು ಜನವಾದರೂ ಸರಿ. ಅಂದು ನುಡಿಸಿದವರಲ್ಲಿ ರೈಖ್ ಇದ್ದರು. ಎಲ್ಲರನ್ನೂ ಒಟ್ಟಿಗೆ ಹಿಡಿದಿಡಲು ಪಿಯಾನೊದಲ್ಲಿ ಒಂದೇ ಸ್ವರವನ್ನು ಎಡೆಬಿಡದೆ ಮಿಡಿಯುವ ಸಲಹೆ ಅವರದೇ. ಜಾನ್ ಗಿಬ್ಸನ್ ಕೂಡ ಇದ್ದರು, ಆಮೇಲೆ ಗ್ಲಾಸ್ ಜೊತೆ ಕೊಳಲು ಹಿಡಿದು ಚೌಕ ಸುತ್ತಿದವರು. ‘ಇನ್ ಸಿ’ಯನ್ನು ಇವತ್ತು ಜಗತ್ತಿನ ಯಾವ ಮೂಲೆಯಲ್ಲಾದರೂ ನುಡಿಸುತ್ತಾರೆ, ಯಾಕೆಂದರೆ ರೈಲಿ ಅದನ್ನು ಬಿಟ್ಟುಕೊಟ್ಟರು. ಗ್ಲಾಸ್ ತಮ್ಮ ಅಂಗಡಿಗೆ ಬೀಗ ಹಾಕಿಕೊಂಡು ಕುಳಿತರು.

ಮುಳ್ಳುತಟ್ಟೆ:

ಅಂಗಡಿ ಎಂದಿರಲ್ಲ, ಗ್ಲಾಸ್ ಬೆಳೆದದ್ದೇ ಅಂಗಡಿಯಲ್ಲಿ. ತಂದೆ ಬೆನ್ ಗ್ಲಾಸ್ ಬಾಲ್ಟಿಮೋರ್‌ನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಮಾರುತ್ತಿದ್ದರು. ಮಾರಾಟವಾಗದ ತಟ್ಟೆಗಳನ್ನು ಮನೆಗೆ ತಂದು, ಇದರಲ್ಲಿ ಏನು ಕೊರತೆಯಿದೆ ಎಂದು ತಿಳಿಯಲು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಮಾರಾಟವಾಗದೆ ಉಳಿಯುತ್ತಿದ್ದದ್ದು ಬಾರ್ಟೋಕ್, ಶೊಸ್ತಕೋವಿಚ್ ಮುಂತಾದ ಆಧುನಿಕರು. ಕೇಳುತ್ತಾ ಕೇಳುತ್ತಾ ತಂದೆಯೇ ಅದರ ರುಚಿ ಹತ್ತಿಸಿಕೊಂಡರು. ಸಂಗೀತಕ್ಕೆ ಹಣ ಕೊಡುವುದು, ಪಡೆಯುವುದು ಮಗನಿಗೆ ನಾಚಿಕೆಯ ಸಂಗತಿಯಾಗಿರಲಿಲ್ಲ. 1971ರಲ್ಲಿ ಗ್ಯಾಲರಿ ನಡೆಸುತ್ತಿದ್ದ ಕ್ಲೌಸ್ ಕೆರ್ಟೆಸ್ ಜೊತೆ ಸೇರಿ ಚಾಥಮ್ ಸ್ಕ್ವೇರ್ ಎಂಬ ಸ್ವಂತ ಮುದ್ರಣ ಸಂಸ್ಥೆಯನ್ನೂ ಮಾಡಿದರು. ‘ಚೇಂಜಿಂಗ್ ಪಾರ್ಟ್ಸ್’ ಎರಡು ತಟ್ಟೆಗಳಲ್ಲಿ ಅಲ್ಲಿಂದಲೇ ಹೊರಬಂತು.

ಅದೇ ವರ್ಷ ಲಂಡನ್‌ನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ನುಡಿಸಿದಾಗ ಸಭೆಯಲ್ಲಿ ರಾಕ್ ಸಂಗೀತದ ಬ್ರಯಾನ್ ಈನೊ, ಡೇವಿಡ್ ಬೋವಿ ಇದ್ದರು. ಗಮನಿಸಿ, ಅದೂ ಕಲಾಶಾಲೆಯೇ, ಸಂಗೀತಶಾಲೆಯಲ್ಲ. ಮುಂದೆ ಈ ಇಬ್ಬರ ‘ಲೋ’, ‘ಹೀರೋಸ್’ ಆಲ್ಬಮ್‌ಗಳ ವಸ್ತುವನ್ನು ತೆಗೆದುಕೊಂಡು 1990ರ ದಶಕದಲ್ಲಿ ಗ್ಲಾಸ್ ಎರಡು ಸಿಂಫನಿ ಬರೆದರು. ಬೀಗ ಹಾಕಿದ ಅಂಗಡಿಯೊಳಗೆ ಇಷ್ಟು ಜನ ಹೇಗೆ ನುಗ್ಗಿದರೋ.

ಸುಮ್ಮನೆ ಓದುವವ:

ಗ್ಲಾಸ್ ಕಛೇರಿಗಳಲ್ಲಿ ಗಲಾಟೆಯೇ ಆಗಲಿಲ್ಲವೇ? ಎಲ್ಲರೂ ನೆಲದ ಮೇಲೆ ಶಾಂತವಾಗಿ ಮಲಗಿದ್ದರು ಎಂದರೆ ನಂಬುವುದು ಕಷ್ಟ.

ಮುಳ್ಳುತಟ್ಟೆ:

ಆಗಿದೆ. ಆಮ್‌ಸ್ಟರ್‌ಡ್ಯಾಮ್‌ನ ಒಂದು ಕಛೇರಿಯಲ್ಲಿ ಒಬ್ಬ ಮನುಷ್ಯ ಎದ್ದು ನೇರವಾಗಿ ವೇದಿಕೆಗೆ ಬಂದು ಗ್ಲಾಸ್ ನುಡಿಸುತ್ತಿದ್ದ ವಾದ್ಯದ ಕೀಲಿಮಣೆಯನ್ನು ಬಡಿಯತೊಡಗಿದ. ಗ್ಲಾಸ್ ಎಡಗೈಯಿಂದ ಅವನಿಗೊಂದು ಗುದ್ದು ಕೊಟ್ಟರು, ಬಲಗೈ ನುಡಿಸುತ್ತಲೇ ಇತ್ತು. ಅವನು ಉರುಳಿದ, ಕೃತಿ ಮುಂದುವರಿಯಿತು. ಅವರೇ ತಮ್ಮ ನೆನಪುಗಳಲ್ಲಿ ಬರೆದದ್ದು. ಸಾಮಾನು ಸಾಗಿಸುತ್ತಿದ್ದ ಕೈ ಅದು, ಮರೆಯಬಾರದು.

ನೇಪಥ್ಯ:

ಇಷ್ಟು ಹೊತ್ತು ಗ್ಯಾಲರಿಯ ಮಾತೇ ಆಯಿತು. ರಂಗಭೂಮಿಯ ಪಾಲನ್ನು ಬಿಟ್ಟರೆ ಕಥೆ ಕುಂಟುತ್ತದೆ. ಗ್ಲಾಸ್ ತಮ್ಮ ದಾರಿ ಕಂಡುಕೊಂಡದ್ದು ಕ್ವೀನ್ಸ್ ಕಾಲೇಜಿಗಿಂತ ಮೊದಲು, 1965ರಲ್ಲಿ, ಪ್ಯಾರಿಸ್‌ನಲ್ಲಿ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಅವರ ‘ಪ್ಲೇ’ ನಾಟಕಕ್ಕೆ ಸಂಗೀತ ಕೊಟ್ಟಾಗ. ಜೋಆನ್ ಅಕಲೈಟಿಸ್, ಲೀ ಬ್ರೂಯರ್ ಅವರ ಗುಂಪು ಅದು, ಆಮೇಲೆ ಮಾಬೂ ಮೈನ್ಸ್ ಎಂಬ ನಾಟಕ ತಂಡವಾಯಿತು. ಎರಡು ಸೊಪ್ರಾನೊ ಸ್ಯಾಕ್ಸೊಫೋನ್‌ಗಳಿಗೆ ಕೆಲವೇ ಸ್ವರಗಳನ್ನು ಕೊಟ್ಟು ಅವನ್ನೇ ತಿರುಗಿಸಿದರು. ಆ ನಾಟಕದಲ್ಲಿ ಮೂರು ಪಾತ್ರಗಳು ಕುಂಡಗಳೊಳಗಿಂದ ತಲೆ ಮಾತ್ರ ಹೊರಹಾಕಿ ಮಾತಾಡುತ್ತವೆ. ಭಾವ ಎತ್ತಿಕೊಡುವ ಹಿನ್ನೆಲೆ ಸಂಗೀತಕ್ಕೆ ಅಲ್ಲಿ ಜಾಗವೇ ಇಲ್ಲ. ರಂಗದ ಮೇಲಿನ ಕಾಲವನ್ನು ಮಾತ್ರ ಸಂಗೀತ ಅಳೆಯಬೇಕು. ಮುಂದೆ ಹತ್ತು ವರ್ಷ ಅವರು ಮಾಡಿದ್ದು ಅದನ್ನೇ.

‘ಐನ್‌ಸ್ಟೈನ್’ ಬಗ್ಗೆ ಒಂದು ವಿವರ ಖಂಡನಡೆಯವರಿಗೆ ಇಷ್ಟವಾಗಬಹುದು. ಅದರಲ್ಲಿ ಹಾಡುಗಾರರು ಹಾಡುವುದು ಅಂಕಿಗಳನ್ನು ಮತ್ತು ಸ್ವರಗಳ ಹೆಸರುಗಳನ್ನು. ಒನ್ ಟೂ ತ್ರೀ ಫೋರ್, ದೋ ರೆ ಮಿ. ಅಭ್ಯಾಸದ ಕಾಲದಲ್ಲಿ ಲಯವೂ ಸ್ವರವೂ ಬಾಯಿಗೆ ಹತ್ತಲೆಂದು ಹೇಳಿಕೊಟ್ಟದ್ದು, ಆಮೇಲೆ ಅದೇ ಸಾಹಿತ್ಯವಾಗಿ ಉಳಿಯಿತು. ಪಾಠದ ಕೋಣೆಯ ಸ್ವರವನ್ನೂ ಜತಿಯನ್ನೂ ಹಾಗೆಯೇ ವೇದಿಕೆಗೆ ತಂದಂತೆ.

1976ರ ಜುಲೈ 25ರಂದು ಫ್ರಾನ್ಸ್‌ನ ಆವಿನ್ಯೋನ್ ಉತ್ಸವದಲ್ಲಿ ಮೊದಲ ಪ್ರದರ್ಶನ. ರಾಬರ್ಟ್ ವಿಲ್ಸನ್ ಅವರ ನಿರ್ದೇಶನ. ಸುಮಾರು ಐದು ಗಂಟೆ, ನಡುವೆ ವಿರಾಮವಿಲ್ಲ. ಬೇಕಾದಾಗ ಎದ್ದು ಹೋಗಿ ಬೇಕಾದಾಗ ಬರಬಹುದು ಎಂದು ಪ್ರೇಕ್ಷಕರಿಗೆ ಸ್ವಾತಂತ್ರ್ಯ ಕೊಟ್ಟಿದ್ದರು. ನಿಧಾನಗಾಮಿಯವರ ‘ಹೇಗೆ ಕುಳಿತರು’ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ: ಕುಳಿತೇ ಇರಬೇಕೆಂದು ಯಾರೂ ಹೇಳಿರಲಿಲ್ಲ.

ಯುರೋಪಿನ ಊರೂರು ಸುತ್ತಿ ನವೆಂಬರ್‌ನಲ್ಲಿ ಮೆಟ್‌ಗೆ, ಅಂದರೆ ಮೆಟ್ರೊಪಾಲಿಟನ್ ಒಪೆರಾ ಹೌಸ್‌ಗೆ, ಬಂದರು. ಒಪೆರಾ ಹೌಸ್ ಇವರನ್ನು ತನ್ನ ಋತುವಿಗೆ ಆರಿಸಿಕೊಂಡಿತೆಂದು ತಿಳಿಯಬೇಡಿ. ಭಾನುವಾರ ಖಾಲಿ ಇದ್ದ ರಂಗವನ್ನು ಬಾಡಿಗೆಗೆ ಹಿಡಿದು 21 ಮತ್ತು 28ರಂದು ಎರಡು ಪ್ರದರ್ಶನ ಮಾಡಿದರು. ಸಭಾಂಗಣ ಕಿಕ್ಕಿರಿದದ್ದನ್ನು ನೋಡಿ ಅಲ್ಲಿನ ಆಡಳಿತದವರೊಬ್ಬರು ‘ಈ ಜನ ಯಾರು, ಇವರನ್ನು ಇಲ್ಲಿ ನೋಡಿಯೇ ಇಲ್ಲವಲ್ಲ’ ಎಂಬ ಅರ್ಥದಲ್ಲಿ ಕೇಳಿದರಂತೆ. ಇನ್ನಿಪ್ಪತ್ತೈದು ವರ್ಷ ಈ ಜಾಗ ನಡೆಯಬೇಕಾದರೆ ಇವರು ಯಾರೆಂದು ತಿಳಿದುಕೊಳ್ಳುವುದು ಒಳ್ಳೆಯದು ಎಂಬಂಥ ಉತ್ತರ ಗ್ಲಾಸ್ ಕಡೆಯಿಂದ ಬಂತು. ಅವರು ಯಾರೆಂಬುದು ಈ ಚರ್ಚೆಯ ಮೊದಲ ಬರಹದಲ್ಲೇ ಇದೆ.

ಹಣದ ಲೆಕ್ಕ ಮಾತ್ರ ನೆಲಕಚ್ಚಿತು. ಎಲ್ಲ ಟಿಕೆಟ್ ಮಾರಿದರೂ ಪ್ರತಿ ಪ್ರದರ್ಶನದ ಖರ್ಚು ಆದಾಯವನ್ನು ಮೀರುತ್ತಿತ್ತು. ಕೊನೆಗೆ ತಲೆಯ ಮೇಲೆ ಬಂದ ಸಾಲ ಒಂದು ಲಕ್ಷ ಡಾಲರ್‌ಗೆ ಹತ್ತಿರ. ಮೆಟ್‌ನಲ್ಲಿ ಚಪ್ಪಾಳೆ ಗಿಟ್ಟಿಸಿದ ಗ್ಲಾಸ್ ಮತ್ತೆ ಟ್ಯಾಕ್ಸಿ ಓಡಿಸಲು ಹೋದರು. ಟ್ಯಾಕ್ಸಿಯಲ್ಲಿ ತೂಗುಹಾಕಿದ್ದ ಹೆಸರು ಓದಿದ ಮಹಿಳೆಯೊಬ್ಬರು, ನಿಮಗೆ ಒಬ್ಬ ಪ್ರಸಿದ್ಧ ಸಂಗೀತಗಾರರ ಹೆಸರೇ ಇದೆಯಲ್ಲ ಎಂದಿದ್ದರು ಎಂಬ ಪ್ರಸಂಗವನ್ನು ಅವರು ಹಲವು ಕಡೆ ಹೇಳಿದ್ದಾರೆ.

ಬಿಡಿಹಾಳೆ:

ಅಂದರೆ ಎಂಟು ವರ್ಷದ ಕಥೆ ಸಾಲದಲ್ಲಿ ಮುಗಿಯಿತು. ಸ್ವರಲಿಪಿ ಪ್ರಕಟಿಸಿದ್ದರೆ ಇಷ್ಟು ಹೊತ್ತಿಗೆ ಹತ್ತು ಮೇಳಗಳು ನುಡಿಸಿ ರಾಯಧನ ಬರುತ್ತಿತ್ತು.

ನಿಧಾನಗಾಮಿ:

1970ರಲ್ಲಿ ಯಾವ ಹತ್ತು ಮೇಳ? ಆ ಸಂಗೀತವನ್ನು ನುಡಿಸಲು ಕಲಿತವರೇ ಇರಲಿಲ್ಲ. ಇಪ್ಪತ್ತು ನಿಮಿಷ ಉಸಿರು ತಪ್ಪದೆ, ವೇಗ ಕುಗ್ಗದೆ, ಒಂದೇ ಗತಿಯಲ್ಲಿ ಓಡುವುದು ಯಾವ ಸಂಗೀತಶಾಲೆಯ ಪಠ್ಯದಲ್ಲೂ ಇರಲಿಲ್ಲ. ಆ ಮೇಳವೇ ಅದರ ಶಾಲೆ. ‘ಮ್ಯೂಸಿಕ್ ಇನ್ ಟ್ವೆಲ್ವ್ ಪಾರ್ಟ್ಸ್’ ಹುಟ್ಟಿದ ರೀತಿ ನೋಡಿ. ಹನ್ನೆರಡು ಎಳೆಗಳಿರುವ ಒಂದೇ ಕೃತಿಯೆಂದು ಬರೆದು ಆ ಹೆಸರಿಟ್ಟಿದ್ದರು. ಕೇಳಿದ ಸ್ನೇಹಿತೆಯೊಬ್ಬರು, ಚೆನ್ನಾಗಿದೆ, ಉಳಿದ ಹನ್ನೊಂದು ಭಾಗ ಹೇಗಿರುತ್ತವೆ ಎಂದು ಕೇಳಿದರು. ಗ್ಲಾಸ್ ತಿದ್ದಲಿಲ್ಲ, ಉಳಿದ ಹನ್ನೊಂದನ್ನೂ ಬರೆದರು. ಒಂದೊಂದು ಭಾಗ ಸಿದ್ಧವಾದಂತೆ ಮೇಳ ಕಲಿಯಿತು, ನುಡಿಸಿತು. ಪೂರ್ತಿ ಕೃತಿ 1974ರ ಜೂನ್ 1ರಂದು ಟೌನ್ ಹಾಲ್‌ನಲ್ಲಿ ಒಟ್ಟಾಗಿ ನಡೆಯಿತು. ಮೂರೂವರೆ ಗಂಟೆಗೂ ಹೆಚ್ಚಿನ ಸಂಗೀತ. ಮ್ಯಾನ್‌ಹಟನ್‌ನ ಪ್ರತಿಷ್ಠಿತ ಸಭಾಂಗಣವೊಂದರೊಳಗೆ ಕಾಲಿಡುವ ಹೊತ್ತಿಗೆ ಅವರ ಬಳಿ ಕೃತಿ, ಮೇಳ, ಜನ ಮೂರೂ ಇತ್ತು.

ಖಂಡನಡೆ:

ಸ್ವರಲಿಪಿ ಕೊಡಲಿಲ್ಲ ಎಂಬ ಬಿಡಿಹಾಳೆಯವರ ಆಕ್ಷೇಪಕ್ಕೆ ‘ಸತ್ಯಾಗ್ರಹ’ ಒಪೆರಾ ಉತ್ತರ ಎನ್ನಿಸುತ್ತದೆ. 1980ರ ಸೆಪ್ಟೆಂಬರ್ 5ರಂದು ರಾಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ. ದಕ್ಷಿಣ ಆಫ್ರಿಕಾದ ಗಾಂಧಿ, ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳೇ ಸಾಹಿತ್ಯ. ಅದನ್ನು ನುಡಿಸಿದ್ದು ಗ್ಲಾಸ್ ಮೇಳವಲ್ಲ, ಬೇರೊಂದು ವಾದ್ಯವೃಂದ. ತಂತಿವಾದ್ಯಗಳು, ಮರದ ಸುಷಿರವಾದ್ಯಗಳು, ಒಂದು ಆರ್ಗನ್. ಹಿತ್ತಾಳೆಯೂ ಇಲ್ಲ, ತಾಳವಾದ್ಯವೂ ಇಲ್ಲ. ಬೇರೆಯವರ ಕೈಗೆ ಸ್ವರಲಿಪಿ ಕೊಡಲು ಅವರಿಗೆ ಆಗ ಅಡ್ಡಿ ಬರಲಿಲ್ಲ. ಹನ್ನೆರಡು ವರ್ಷ ತಾವೇ ನುಡಿಸಿ, ಅದು ಹೇಗೆ ಕೇಳಿಸಬೇಕೆಂದು ಜಗತ್ತಿಗೆ ತೋರಿಸಿದ ಮೇಲೆ ಕೊಟ್ಟರು. ನಮ್ಮಲ್ಲೂ ಪಾಠಾಂತರ ಬಾಯಿಂದ ಬಾಯಿಗೆ ಗಟ್ಟಿಯಾದ ಮೇಲೆಯೇ ಪುಸ್ತಕಕ್ಕೆ ಇಳಿಯುವುದು.

ಬಿಡಿಹಾಳೆ:

ಸರಿ, ಅಲ್ಲಿಯವರೆಗೆ ಒಪ್ಪೋಣ. ಈಗ ಇನ್ನೊಂದು ಹೇಳಿ. 2018ರ ಫೆಬ್ರವರಿಯಲ್ಲಿ ಕಾರ್ನೆಗಿ ಹಾಲ್‌ನಲ್ಲಿ ‘ಚೇಂಜಿಂಗ್ ಪಾರ್ಟ್ಸ್’ ಅನ್ನು ಹಿತ್ತಾಳೆ ವಾದ್ಯಗಳನ್ನೂ ಹುಡುಗಿಯರ ವೃಂದಗಾನವನ್ನೂ ಸೇರಿಸಿ ನುಡಿಸಿದರು. ಮಿನಿಯಾಪೊಲಿಸ್‌ನಲ್ಲಿ ಯಾರೂ ಹಾಡದೆಯೇ ಹಾಡು ಕೇಳಿಸಿತು, ಅದೇ ಆ ಕೃತಿಯ ಹುಟ್ಟು ಎಂದು ಮುಳ್ಳುತಟ್ಟೆಯವರು ಬರೆದರು. ಈಗ ನಿಜವಾಗಿಯೇ ಹಾಡುವವರನ್ನು ಸಾಲಾಗಿ ನಿಲ್ಲಿಸಿದರೆ ಆ ಕೃತಿಯಲ್ಲಿ ಉಳಿದದ್ದೇನು?

ಮುಳ್ಳುತಟ್ಟೆ:

ಅದು ಬೇರೆಯೇ ಕೃತಿ. ನನಗೆ 1971ರ ಮುದ್ರಣವೇ ಸಾಕು. ಆರ್ಗನ್‌ಗಳ ಆ ಒರಟು ದನಿ, ಉಸಿರು ಮುಗಿದಲ್ಲಿ ಮುರಿಯುವ ಉದ್ದ ಸ್ವರಗಳು, ಯಾವುದು ವಾದ್ಯ ಯಾವುದು ಕಂಠ ಎಂದು ಹೇಳಲಾಗದ ಸ್ಥಿತಿ. ನಿಧಾನಗಾಮಿಯವರೇ, ‘ಟೂ ಪೇಜಸ್’ ಬಿಟ್ಟು ಮೊದಲು ಇದನ್ನು ಕೇಳಿ. ಸ್ಪೀಕರ್‌ನಲ್ಲಿ ಹಾಕಿ, ಇಯರ್‌ಫೋನ್ ಬೇಡ.

ನೇಪಥ್ಯ:

ನಾನು 2018ರ ಪರವಾಗಿದ್ದೇನೆ. ಎಂಬತ್ತೊಂದರ ವಯಸ್ಸಿನಲ್ಲಿ ತನ್ನ ಹಳೆಯ ಕೃತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಮತ್ತೆ ಕೈಗೆತ್ತಿಕೊಂಡು ಬದಲಿಸುವವನಿಗೆ, 1970ರಲ್ಲಿ ಏನು ಹಕ್ಕಿತ್ತೋ ಅದೇ ಹಕ್ಕಿದೆ. ಹೆಸರಿನಲ್ಲೇ ‘ಬದಲಾಗುವ’ ಎಂದಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿ ಬಂದು ಬರೆಯಿರಿ, ಆಮೇಲೆ ಜಗಳವಾಡೋಣ.